ನಾಲ್ಕು ಮನೆಯ ಬಾಗಿಲು

ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ ಸುಮಿತಾಳ ಮುಂದಿನ ಸೀಟಿಗೆ ಕದ್ವಾಡದ ರಾಮನಾಥ ಮತ್ತು ಅವನ ಅಣ್ಣನ ಮಗಳು ನಾಗಶ್ರೀ ಬಂದು ಕೂತರು. ಹುಡುಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್, ಮೋರೆಯ ಮೇಲೆ ಸಿಡುಕು. ಸುಮಿತಾ ಕಿವಿಯನ್ನು ಅತ್ತ ಕೊಟ್ಟಳು.

"ಎಂತಾ ಆಯ್ತೇ ತಂಗಿ?"

"ಸ್ನಾಯುವಿನ ಕೋಶದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗೂಕೆ ಸಣ್ಣ ಬಾಗಿಲು ಇರ್ತದೆ ಚಿಕ್ಕಪ್ಪ. ಅದು ತೆಗಿಯೂದು, ಮುಚ್ಚೂದು ಕಂಪ್ಯೂಟರಲ್ಲಿ ಮಾಡಿದೆ. ನಿಜವಾದದ್ದು ಸ್ವಲ್ಪ ತಡೆದು ತೆಗಿತದೆ, ನಂದು ಹೇಳಿದ ಕೂಡ್ಲೇ ತೆಗಿತದೆ. ನಾಳೆ ಸರ್‌ಗೆ ತೋರಿಸ್ಬೇಕು, ತಪ್ಪಿದ್ರೆ ಮೊದಲಿಂದ ಮಾಡು ಅಂತ್ರು."

"ಹೇಳಿದ ಕೂಡ್ಲೇ ತೆಗಿಯೂ ಬಾಗಿಲು ನಾ ಎಲ್ಲೂ ಕಾಣ್ಲಿಲ್ಲ. ಹೊಳೆಯ ಉಪ್ಪು ನೀರು ತಡಿಯೂಕೆ ನಮ್ಮ ಗಜನಿ ಗದ್ದೆಗೆ ಹಾಕಿದ ಬಾಗಿಲು ಹೆಂಗೆ ತೆಗಿತ್ರು?"

"ಹೊಳೆ ನೀರು ಇಳಿದಾಗ ನೀನು ಹಲಗೆ ಎತ್ತೂದು."

"ನಾನೊಬ್ಬನೇ ಎತ್ತಿದ್ರೆ ಉಳಿದವ್ರು ಸುಮ್ನೆ ಬಿಡ್ತ್ರಾ? ನಾಲ್ಕೂ ಪಾಲುದಾರ್ರ ಮನೆಯವ್ರು ಬಂದು ನಿಲ್ಬೇಕು. ಮೂರು ಮಂದಿ ಬಂದ್ರೆ ಹಲಗೆ ಮುಟ್ಟೂ ಹಾಂಗಿಲ್ಲ. ನಿನ್ನಪ್ಪ ಚಾ ಕುಡ್ದು ಬರೂವರೆಗೆ ನೀರು ಕಾಯ್ತದೆ."

ನಾಗಶ್ರೀ ಕೀಲಿಮಣೆಯ ಮೇಲೆ ಏನೋ ಕುಟ್ಟಿದಳು. ಪರದೆಯ ಗೆರೆ ಈ ಸಲ ತುಸು ತಡೆದು ಮೇಲೆದ್ದಿತು.

"ನಾನು ಬಾಗಿಲಿಗೆ ಒಬ್ಬನನ್ನೇ ನಿಲ್ಸಿದ್ದೆ ಚಿಕ್ಕಪ್ಪ! ನಾಲ್ಕು ಜನ ಇಟ್ಟೆ, ಸರಿ ಬಂತು!"

"ಅದರಲ್ಲಿ ನಿನ್ನಪ್ಪ ಯಾರು ಅಂತ ಸರ್‌ಗೆ ಹೇಳೂದು ಮರೀಬೇಡ."

ಅಂಕೋಲೆಯಲ್ಲಿ ಇಬ್ಬರೂ ನಗುತ್ತ ಇಳಿದು ಹೋದರು. ಸುಮಿತಾಳೂ ಏಳಹೋದಳು, ಜೋಮು ಹಿಡಿದ ಕಾಲು ಮಾತು ಕೇಳಲಿಲ್ಲ.

"ನಾಲ್ಕನೆಯವ್ರು ಇನ್ನೂ ಚಾ ಕುಡೀತೇ ಇದ್ರು ಕಾಣ್ತದೆ" ಎಂದು ಮತ್ತೆ ಕೂತಳು.