ಟೀಚರಮ್ಮನಿಗೆ ಬರೆದ ಕಾಗದ

ಕೊಳ್ಳೇಗಾಲದ ಅಂಚೆ ಕಚೇರಿಯಲ್ಲಿ ನಾನು ಕವರಿಗೆ ಗೋಂದು ಹಚ್ಚುತ್ತಿದ್ದೆ. ಪಕ್ಕದಲ್ಲಿ ಲೊಕ್ಕನಹಳ್ಳಿಯ ತಾಯಿಯೊಬ್ಬಳು ಕಾಗದ ಹಿಡಿದು ನಿಂತ ಮಗಳನ್ನು ಡಬ್ಬಿಯತ್ತ ತಳ್ಳುತ್ತಿದ್ದಳು.

“ಆಕು ಕಣೇ ಕವಿತ. ಟೀಚರಮ್ಮ ಪಾಲಾರ್‌ಗೆ ವರ್ಗ ಆದಾಗ ಬರ್ದಿದ್ದು, ಉಗಾದಿ ಓಗಿ ದೀಪಾವಳಿ ಬಂತು.”

“ಬರ್ದಿರೋದ್ರಲ್ಲಿ ತಪ್ಪಿದ್ರೆ ನಗ್ತಾರೆ ಕಣವ್ವ.”

“ನಿಮ್ಮಪ್ಪ ತೀರ್ಕಂಡ್ಮೇಲೆ ಆಸ್ಟೆಲಲ್ಲಿ ನೀನು ಬಾಯೇ ಬುಡ್ನಿಲ್ಲ. ಆಗ ನಕ್ರಾ?”

“ಇಲ್ಲ. ಅಡಿಗೆಮನೇಲಿ ನನ್ ಜತೆ ಕುಂತು ಅವರೆಕಾಯಿ ಸುಲುದ್ರು. ಆ ಕಾಳಲ್ಲೇ ಕೂಡೋ ಲೆಕ್ಕ ಯೋಳ್ಕೊಟ್ರು.”

“ಮಾತಾಡು ಅಂತ ಗದರುಸ್ಲಿಲ್ವಾ?”

“ಊಹೂಂ. ನಾನೇ ಒಂದಿನ ‘ಟೀಚರ್, ನಿಮ್ ಲೆಕ್ಕ ತಪ್ಪು’ ಅಂದ್ಬುಟ್ಟೆ.”

“ಅಯ್ಯೋ ನಿನ್ನ! ಏನಂದ್ರು?”

“ಕಾಳು ಬುಟ್ಟು ಕುಸೀಲಿ ಅತ್ತೇಬುಟ್ರು.”

“ಅಂಗಾರೆ ನಿನ್ ತಪ್ಪೂ ಅವ್ರು ನೋಡ್ಲಿ, ಆಕು.”

ಕಾಗದ ಡಬ್ಬಿಯೊಳಗೆ ಬಿದ್ದ ಸದ್ದು ನನಗೂ ಕೇಳಿಸಿತು. ಇಬ್ಬರೂ ನಗುತ್ತ ಹನೂರು ಬಸ್ಸಿಗೆ ಓಡಿದರು.