ಪಶ್ಚಾತ್ತಾಪ ಇಲ್ಲ

ಕೋರ್ಟಿನ ಲಿಫ್ಟ್ ಮೂರನೇ ಮಹಡಿಯಲ್ಲೇ ಬೇರು ಬಿಟ್ಟಂತಿತ್ತು. ಸಾಲಿನಲ್ಲಿ ನನ್ನ ಮುಂದೆ ಕರಿಕೋಟಿನ ವಕೀಲೆ, ಅವರ ಪಕ್ಕದಲ್ಲಿ ಜೈಲಿನಲ್ಲಿರುವ ಮುದುಕರೊಬ್ಬರ ಮಗಳು.

“ಅಪ್ಪನ್ನ ಯಾಕೆ ಬಿಡಲ್ವಂತೆ ಮೇಡಂ?”

“ಪಶ್ಚಾತ್ತಾಪ ಇಲ್ಲವಂತೆ. ‘ಮಾಡಿದ್ದಕ್ಕೆ ಬೇಜಾರಿದ್ಯಾ’ ಅಂತ ಜೈಲಿನ ಬಿಡುಗಡೆ ಸಮಿತಿಯವರು ಕೇಳಿದ್ರು. ನಿಮ್ಮಪ್ಪ ‘ನಾನೇನು ಮಾಡ್ದೆ?’ ಅಂದ್ರು.”

“ಅಯ್ಯೋ! ‘ತಪ್ಪಾಯ್ತು’ ಅನ್ನಪ್ಪಾ ಅಂತ ಹೇಳ್ಕೊಟ್ಟಿದ್ದೆ. ಒಳಗೆ ಹೋಗೋವರೆಗೂ ಅದನ್ನೇ ಗೊಣಗ್ತಿದ್ರು.”

“ಬಾಗಿಲು ದಾಟಿದ್ರು, ಮರೆತ್ರು. ಮರೆವಿನ ಕಾಯಿಲೆ, ಬಿಡಿ ಅಂತ ನಾವು ಕೇಳಿದ್ರೆ, ಮರೆತಿದ್ದಾರೆ, ಬಿಡಲ್ಲ ಅಂತಾರೆ! ಇವರ ಬುದ್ಧಿಗೆ ಏನು ಹೇಳೋದು?”

“ನಿಮಗೆ ಸಾಕಾಗಲ್ವಾ ಮೇಡಂ?”

“ತಲೆ ಚಚ್ಕೊಳ್ಳೋ ಹಾಗಾಗುತ್ತಮ್ಮ. ಆದ್ರೆ ಹೋದ ತಿಂಗಳು ಕಿಡ್ನಿ ಕೆಟ್ಟಿದ್ದ ಒಬ್ಬರನ್ನ ಬಿಡಿಸ್ದೆ. ಮನೆಗೆ ಹೋಗಿ ದಿನವಿಡೀ ಬಾಗಿಲು ತೆಗೆಯೋದು, ಹಾಕೋದು, ತೆಗೆಯೋದು, ಹಾಕೋದು. ಹೆಂಡತಿ ಬೈದ್ರೂ ನಿಲ್ಲಿಸ್ಲಿಲ್ವಂತೆ. ಅದನ್ನ ಕೇಳಿದ ಮೇಲೆ ಈ ಕೆಲಸ ಬಿಡೋಕೆ ಮನಸ್ಸೇ ಬರಲ್ಲ. ನಡಿ, ಮೇಲ್ಮನವಿ ಹಾಕೋಣ.”

“ಅಪ್ಪನಿಗೆ ಏನಂತ ಹೇಳ್ಲಿ?”

“ಬೆಳಿಗ್ಗೆ ಜೈಲಿಗೆ ಹೋಗಿ ನಾನೇ ಹೇಳ್ದೆ. ನನ್ನ ಕೈ ಹಿಡ್ಕೊಂಡು ಸಮಾಧಾನ ಮಾಡಿದ್ರು. ‘ತಲೆ ಕೆಡಿಸ್ಕೋಬೇಡ ಮಗಳೇ, ನಿನ್ನನ್ನೂ ಒಂದಿನ ಬಿಡ್ತಾರೆ’ ಅಂದ್ರು.”

ಮಗಳು ವಕೀಲೆಯ ಕಡೆ ತಿರುಗಿದಳು.

“ನಿಮ್ಮನ್ನ ಮಗಳೇ ಅಂದ್ರಾ?”

ಲಿಫ್ಟ್ ಬಂತು. ಕಾಲಿಡಲೂ ಜಾಗವಿರಲಿಲ್ಲ. ಇಬ್ಬರೂ ಮೆಟ್ಟಿಲ ಕಡೆ ನಡೆದರು.