ದೂರ ಬಿದ್ದ ಚುಕ್ಕಿ

ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಹೆಬ್ಬೆರಳನ್ನು ಊದಿಕೊಳ್ಳುತ್ತ ದರ್ಜಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಪಕ್ಕಕ್ಕೆ ಬಂದು ನಿಂತ ಸ್ಟ್ರೆಚರ್ ನೋಡಿದ್ದೇ ತಡ, ಬೆರಳಿನ ಉರಿ ಮರೆತೇಹೋಯಿತು. ಮಲಗಿದ್ದವನ ಬಲಗೈ ಮೊಣಕೈವರೆಗಷ್ಟೇ ಇತ್ತು. ಸುತ್ತಿದ್ದ ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಜೊತೆಗಿದ್ದ ಹೆಂಗಸಿನ ಮೈಯೆಲ್ಲ ಕೆಸರು.

"ಮೊಸಳೆ ನೀರಿಂದ ಹತ್ತಡಿ ದಾಟಿ ಬರಲ್ಲ ಅಂತ ನಿಮ್ಮ ಲೆಕ್ಕ ತಾನೇ ಹೇಳಿದ್ದು, ಭಾವ?" ಎಂದಳು.

"ಅದು ಎಷ್ಟು ದೂರ ಬರುತ್ತೆ ಅಂತ ನೀನೇ ದಡದಲ್ಲಿ ನೂರಾರು ಸಲ ಅಳೆದು ಕೊಟ್ಟಿದ್ದು ಕಣೇ. ಅದರ ಮೇಲೇ ಸೂತ್ರ ಕಟ್ಟಿದೆ."

"ಮೂವತ್ತಡೀದೂ ಒಂದು ಕೊಟ್ಟಿದ್ದೆ. ನಮ್ಮ ನಾಯೀನ ನನ್ನ ಕಣ್ಣೆದುರೇ ಸೀಳಿ ಎಳ್ಕೊಂಡು ಹೋಗಿತ್ತು."

"ಗ್ರಾಫಲ್ಲಿ ಅದೊಂದೇ ಚುಕ್ಕಿ ಗೆರೆಯಿಂದ ಎಲ್ಲೋ ದೂರ ಬಿದ್ದಿತ್ತು. ಗಾಬರೀಲಿ ತಪ್ಪು ಅಳೆದಿದ್ದೀಯ ಅಂದ್ಕೊಂಡೆ."

"ಅಂದ್ಕೊಂಡು?"

"ಅಳಿಸಿಹಾಕ್ದೆ."

"ರಕ್ತದ ಮೇಲೇ ಟೇಪು ಹಾಸಿ ಅಳೆದಿದ್ದೆ, ಭಾವ! ನೀವು ಈ ಸ್ಥಿತೀಲಿ ಇಲ್ದಿದ್ರೆ ಹಲ್ಲು ಉದುರಿಸ್ತಿದ್ದೆ. ಈಗ ಅಕ್ಕಂಗೆ ಯಾವ ಮುಖ ತೋರಿಸ್ಲಿ?"

ಒಳಗಿಂದ ಕರೆ ಬಂತು. ವಾರ್ಡಿನವರು ಸ್ಟ್ರೆಚರ್ ತಳ್ಳಿದರು, ಅವಳು ಕಂಬಿ ಹಿಡಿದು ಜೊತೆಗೇ ಓಡಿದಳು.

"ಇವತ್ತಿಂದು ಸರಿಯಾಗಿ ಎಷ್ಟಡಿ? ಅಳೆದ್ಯಾ?" ಮಲಗಿದ್ದಲ್ಲಿಂದಲೇ ಅವನು ಕೇಳಿದ.

"ಯಾತರಲ್ಲಿ ಅಳೀಲಿ? ಟೇಪು ನಿಮ್ಮ ಕೈಲಿತ್ತಲ್ಲ, ಕೈಸಮೇತ ನುಂಗಿಬಿಡ್ತು."

ಬಾಗಿಲು ಮುಚ್ಚಿತು. ದರ್ಜಿ ತನ್ನ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಮೆಲ್ಲಗೆ ಎಳೆದು ಜೇಬಿಗೆ ತುರುಕಿಕೊಂಡ.